ವೃಕ್ಷಕಾಂಡವು ಸ್ಥೂಲವಾಗುವ ಬಗೆ



ವಿಜ್ಞಾನದ ಯಾವುದಾದರೊಂದು ವಿಷಯವನ್ನು, ಆ ಶಾಸ್ತ್ರವನ್ನು ಕ್ರಮವಾಗಿ ವ್ಯಾಸಂಗಮಾಡದವರಿಗೂ ತಿಳಿಯುವಂತೆ, ಕನ್ನಡದಲ್ಲಿಯೇ ನಿರೂಪಿಸತಕ್ಕದ್ದೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ನಿಬಂಧನೆಯಾಗಿರುವುದರಿಂದ, ಎಲ್ಲರ ಕಣ್ಣೆದುರಿಗೆ ನಡೆಯುತ್ತಿದ್ದರೂ ಯಾರ ಕಣ್ಣಿಗೂ ಬೀಳದಂತೆ ನಡೆಯುವ ವ್ಯಾಪಾರವೊಂದನ್ನು ನಾನು ಈ ಸಂಜೆಗೆ ಆರಿಸಿಕೊಂಡಿದ್ದೇನೆ. ಮರಗಳು ಹೇಗೆ ದಪ್ಪವಾಗುತ್ತವೆ, ಹಾಗೆ ದಪ್ಪವಾಗುವುದರಿಂದ ಅವುಗಳಿಗೆ ಸಿದ್ಧಿಸುವುದೇನು ಎಂಬುದೇ ಆ ವಿಷಯ. ಆಳೆತ್ತರದಲ್ಲಿ ಎಳೆಯ ಹಲಸಿನ ಮರಕ್ಕೊಂದು ಮೊಳೆಯನ್ನು ಹೊಡೆದು, ಇಪ್ಪತ್ತು ವರ್ಷಗಳ ತರುವಾಯ ಅದನ್ನು ಹುಡುಕಹೊರಟವನು ಕತ್ತೆತ್ತಿ ಕೊಂಬೆಗಳ ಕಡೆಗೆ ನೋಡಬೇಕಾದುದಿಲ್ಲ. ಮೊಳೆಯು ಹೊಡೆದ ಎತ್ತರದಲ್ಲಿಯೇ ಇರುತ್ತದೆ. ಆದರೆ ಹೊರಗೆ ಕಾಣದೆ ದಾರುವಿನ ಒಳಗೆ ಹುದುಗಿರುತ್ತದೆ, ಸಾಮಿಲ್ಲಿನ ಗರಗಸದ ಹಲ್ಲು ಮುರಿದಾಗಲೇ ಅದರ ಇರವು ತಿಳಿಯುವುದು. ಎತ್ತರದ ಬೆಳವಣಿಗೆಯು ಕುಡಿಗಳಿಗೆ ಮಾತ್ರ ಸೇರಿದುದು. ಒಮ್ಮೆ ರೂಪುಗೊಂಡ ಕಾಂಡವು ಆಮೇಲೆ ಉದ್ದವಾಗದು, ಅಡ್ಡಲಾಗಿ ಮಾತ್ರ ಬೆಳೆಯುವುದು. ಈ ಅಡ್ಡ ಬೆಳವಣಿಗೆಯನ್ನು ಮರದ ಭಾರವನ್ನು ಹೊರುವುದಕ್ಕಾಗಿ ಪ್ರಕೃತಿ ಮಾಡಿದ ಏರ್ಪಾಡೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಸುಳ್ಳಲ್ಲವಾದರೂ ಅರ್ಧ ಸತ್ಯ. ನೀರನ್ನೂ ಆಹಾರವನ್ನೂ ಸಾಗಿಸುವ ನಾಳಗಳು ಬಹುಕಾಲ ಬಾಳತಕ್ಕವಲ್ಲ; ಅವು ಕೆಡುತ್ತವೆ, ಕೆಟ್ಟವುಗಳ ಸ್ಥಾನದಲ್ಲಿ ಹೊಸವು ಬರಬೇಕು. ಆ ನವೀಕರಣವು ವರ್ಷವರ್ಷವೂ ನಡೆದು, ಹಳೆಯವು ಒಳಗೆ ಶೇಷವಾಗಿ ಉಳಿದು ಸಂಗ್ರಹವಾದುದನ್ನೇ ನಾವು ಮರದ ದಪ್ಪವೆನ್ನುತ್ತೇವೆಂಬುದು ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಲೆಳಸುವ ಪಕ್ಷ.

ಕಾಂಡದಲ್ಲಿ ಎರಡು ಪ್ರವಾಹಗಳುಂಟು. ಬೇರಿನಿಂದ ಎಲೆಗೆ ಏರುವ ನೀರಿನ ಪ್ರವಾಹವು ದಾರುವಿನಲ್ಲಿ, ಎಲೆಯಲ್ಲಿ ಸಿದ್ಧವಾದ ಸಕ್ಕರೆಯನ್ನು ಬೇರಿಗೂ ಕಾಯಿಗೂ ಕುಡಿಗೂ ಒಯ್ಯುವ ಪ್ರವಾಹವು ತೊಗಟೆಯ ಒಳಪದರದಲ್ಲಿ. ಮೊದಲನೆಯ ಅಂಗಾಂಶಕ್ಕೆ ಕ್ಸೈಲಂ ಎಂದೂ ಎರಡನೆಯದಕ್ಕೆ ಫ್ಲೋಯಂ ಎಂದೂ ಹೆಸರು. 1858ರಲ್ಲಿ ಕಾರ್ಲ್ ನೇಗೆಲಿ ಎಂಬ ಸ್ವಿಸ್ ಸಸ್ಯಶಾಸ್ತ್ರಜ್ಞನು ಇವನ್ನು ಬಳಕೆಗೆ ತಂದನು. ಆದರೆ ಹೆಸರು ಹುಟ್ಟುವುದಕ್ಕೆ ಬಹು ಹಿಂದೆಯೇ, ಹದಿನೇಳನೆಯ ಶತಮಾನದಲ್ಲಿ, ಬೊಲೋನ್ಯ ನಗರದ ವೈದ್ಯನಾದ ಮಾರ್ಚೆಲ್ಲೊ ಮಾಲ್ಪೀಗಿಯು ಕೊಂಬೆಗಳ ತೊಗಟೆಯನ್ನು ಉಂಗುರದಾಕಾರವಾಗಿ ಸುಲಿದು, ಉಂಗುರದ ಮೇಲಂಚು ಉಬ್ಬಿಕೊಳ್ಳುವುದನ್ನೂ ಕೆಳಅಂಚು ಹಾಗಾಗದಿರುವುದನ್ನೂ ಕಂಡು, ಎಲೆಗಳಲ್ಲಿ ಪಕ್ವವಾದ ರಸವು ತೊಗಟೆಯ ಮೂಲಕ ಇಳಿಯುತ್ತದೆಂದು ಊಹಿಸಿದ್ದನು. ಆತನ ಸಸ್ಯರಚನಾಗ್ರಂಥದ ಎರಡು ಭಾಗಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯು 1675ರಲ್ಲಿಯೂ 1679ರಲ್ಲಿಯೂ ಮುದ್ರಿಸಿತು. ಅದೇ ಸೊಸೈಟಿಯ ಆಶ್ರಯದಲ್ಲಿ ಅದೇ ಕಾಲಕ್ಕೆ ನೆಹೆಮಯ ಗ್ರೂ ಎಂಬ ಇಂಗ್ಲಿಷ್ ವೈದ್ಯನೂ ಸಸ್ಯಗಳನ್ನು ಸೀಳಿ ನೋಡುತ್ತಿದ್ದನು. ಆತನ ಮಹಾಗ್ರಂಥವು 1682ರಲ್ಲಿ ಹೊರಬಂದಿತು. ಮನುಷ್ಯದೇಹವನ್ನು ಕುರಿತು ಕಲಿತ ಇಬ್ಬರು ವೈದ್ಯರು ಗಿಡಗಳ ದೇಹದಲ್ಲಿಯೂ ಸಿರೆಧಮನಿಗಳನ್ನು ಅರಸಿದುದು ಆ ಶತಮಾನಕ್ಕೆ ಸಹಜವೇ ಆಗಿತ್ತು, ಏಕೆಂದರೆ ರಕ್ತಪರಿಚಲನೆಯನ್ನು ಇಂಗ್ಲಿಷ್ ವೈದ್ಯ ಹಾರ್ವೆಯು ಸಾರಿ ಆಗ ಸುಮಾರು ಅರ್ಧ ಶತಮಾನವಷ್ಟೇ ಆಗಿತ್ತು.

ಮಾಲ್ಪೀಗಿಯ ಉಂಗುರವು ನಮ್ಮ ತೋಟಗಾರರಿಗೆ ಹೊಸತಲ್ಲ. ದಾಳಿಂಬೆಗೋ ಸೀಬೆಗೋ ಗೂಟಿ ಕಟ್ಟುವವನು ಪೆನ್ಸಿಲಿನಷ್ಟು ದಪ್ಪದ ಕೊಂಬೆಯಲ್ಲಿ ಅಂಗುಲದಗಲ ತೊಗಟೆಯನ್ನು ಸುಲಿದು, ಬಯಲಾದ ದಾರುವನ್ನು ಚಾಕುವಿನ ಅಲಗಿನಿಂದ ಮೆಲ್ಲನೆ ಕೆರೆದು, ಒದ್ದೆ ಪಾಚಿಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯುತ್ತಾನೆ. ಕೆಲವು ವಾರಗಳಲ್ಲಿ ಬೇರು ಮೂಡುವುದು ಗಾಯದ ಮೇಲಂಚಿನಲ್ಲಿ, ಎಂದರೆ ಇಳಿಯಲಾರದ ಸಕ್ಕರೆಯು ತಡೆದು ನಿಂತಿರುವಲ್ಲಿ. ಕೊಂಬೆಯ ಎಲೆಗಳು ಅಷ್ಟು ದಿನವೂ ಬಾಡದೆ ಇರುವುದು ಒಳಗಿನ ದಾರುವು ನೀರನ್ನು ಕೊಡುತ್ತಲೇ ಇರುವುದರಿಂದ. ಈ ಒಂದು ಕೈಕೆಲಸದಲ್ಲಿ ಎರಡು ಪ್ರವಾಹಗಳ ಮಾರ್ಗಭೇದವೂ ಸಿದ್ಧವಾಗುತ್ತದೆ. ಇನ್ನು ಆ ಕೆರೆಯುವ ಕ್ರಿಯೆಗೂ ಒಂದು ಕಾರಣವುಂಟು: ಕೆರೆಯದೆ ಬಿಟ್ಟರೆ ಜಾರುಜಾರಾದ ಒಂದು ಪೊರೆಯು ದಾರುವಿಗೆ ಅಂಟಿ ಉಳಿದುಕೊಂಡು, ತೊಗಟೆಯನ್ನು ಮತ್ತೆ ಬೆಳೆಸಿ, ಗಾಯವನ್ನು ಮುಚ್ಚಿ, ಗೂಟಿಯನ್ನು ಕೆಡಿಸುತ್ತದೆ. ಆ ಜಾರು ಪೊರೆಯೇ ನಮ್ಮ ಕಥಾನಾಯಕ.

ಬರ್ಮಾದ ತೇಗದ ಕಾಡುಗಳಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಉಂಗುರವನ್ನು ಹಾಕುತ್ತಿದ್ದರು. ಹಸಿಯ ತೇಗವು ನೀರಿನಲ್ಲಿ ಮುಳುಗುವುದಾದುದರಿಂದ ಅದನ್ನು ಐರಾವತಿ ನದಿಯಲ್ಲಿ ತೇಲಿಸಿ ರಂಗೂನಿಗೆ ತರುವುದು ಸಾಧ್ಯವಿರಲಿಲ್ಲ. ಆದಕಾರಣ ಮರದ ಬುಡದ ಸುತ್ತ ತೊಗಟೆಯನ್ನಷ್ಟೇ ಅಲ್ಲದೆ ಅದರ ಒಳಗಿನ ಬೆಳ್ಳನೆಯ ದಾರುವನ್ನೂ, ಕಂದು ಬಣ್ಣದ ಚೇಗು ಸಿಕ್ಕುವವರೆಗೆ ಕೊಡಲಿಯಿಂದ ಕಡಿದು, ಮರವನ್ನು ನಿಂತಲ್ಲಿಯೇ ಎರಡು ಮೂರು ವರ್ಷ ಒಣಗಲು ಬಿಟ್ಟು, ಅನಂತರ ಉರುಳಿಸುತ್ತಿದ್ದರು. ತೊಗಟೆಯುಂಗುರವನ್ನು ಮಾತ್ರ ತೆಗೆದ ಮರವು ಬೇರಿನಲ್ಲಿ ಶೇಖರವಾಗಿದ್ದ ಆಹಾರ ತೀರುವವರೆಗೆ, ತಿಂಗಳುಗಟ್ಟಲೆಯೋ ಅದಕ್ಕೂ ಹೆಚ್ಚಾಗಿಯೋ, ಹಸುರಾಗಿಯೇ ನಿಲ್ಲಬಲ್ಲುದು; ಚೇಗಿನವರೆಗೆ ಕಡಿದ ತೇಗವು ಬೇಗನೆ ಬಾಡುತ್ತದೆ. ಇದರ ಅರ್ಥವೇನು? ಆ ಬೃಹತ್ತಾದ ಕಾಂಡದಲ್ಲಿ ನೀರನ್ನು ಏರಿಸುತ್ತಿದ್ದುದು ಹೊರಗಿನ ಕೆಲವು ಅಂಗುಲದ ಬಿಳಿಯ ಭಾಗ ಮಾತ್ರ. ಮಿಕ್ಕ ಚೇಗೆಲ್ಲವೂ, ನಮ್ಮ ಬಾಗಿಲುವಾಡಗಳಿಗೂ ತೊಲೆಗಳಿಗೂ ಯಾವುದನ್ನು ಬೆಲೆಯಿಟ್ಟು ಕೊಳ್ಳುತ್ತೇವೆಯೋ ಅದೆಲ್ಲವೂ, ಸಾಗಣೆಯಿಂದ ನಿವೃತ್ತವಾದ ಹಳೆಯ ನಾಳಗಳ ರಾಶಿ.

ಈಗ ಆ ಪೊರೆಯ ಮಾತು. ಇದನ್ನು ಕ್ಯಾಂಬಿಯಂ ಎನ್ನುತ್ತಾರೆ. ಎಳೆಯ ದ್ವಿದಳ ಸಸ್ಯದ ಕಾಂಡವನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ, ನಾಳಗಳ ಕಟ್ಟುಗಳು ಒಂದಕ್ಕೊಂದು ಅಂತರವಿಟ್ಟು ವರ್ತುಲಾಕಾರವಾಗಿ ನಿಂತಿರುವುದು ಕಾಣುತ್ತದೆ. ಪ್ರತಿಯೊಂದು ಕಟ್ಟಿನಲ್ಲಿಯೂ ಒಳಮಗ್ಗುಲಿಗೆ ಕ್ಸೈಲಂ, ಹೊರಮಗ್ಗುಲಿಗೆ ಫ್ಲೋಯಂ, ಎರಡರ ನಡುವೆ ವಿಭಜನಶಕ್ತಿಯನ್ನು ಕಳೆದುಕೊಳ್ಳದ ಕೆಲವೇ ಕೋಶಗಳ ಸಾಲು. ಕಾಂಡವು ಬಲಿಯುತ್ತ ಬಂದಂತೆ ಕಟ್ಟುಗಳ ನಡುವಣ ಸಾಮಾನ್ಯ ಕೋಶಗಳೂ ವಿಭಜನೆಗೆ ತೊಡಗಿ, ಬಿಡಿಬಿಡಿಯಾದ ಸಾಲುಗಳು ಒಂದಕ್ಕೊಂದು ಕೂಡಿಕೊಂಡು, ಬೇರಿನ ತುದಿಯ ಸಮೀಪದಿಂದ ಕುಡಿಯ ಸಮೀಪದವರೆಗೆ ಎಡೆಬಿಡದ ಒಂದು ಕೊಳವೆಯಂಥ ಪೊರೆಯಾಗುತ್ತದೆ. ಇದರಲ್ಲಿ ಎರಡು ಬಗೆಯ ಕೋಶಗಳು. ಕದಿರಿನಾಕಾರದ ಉದ್ದ ಕೋಶಗಳಿಂದ ಮೇಲೆ ಕೆಳಗೆ ಸಾಗಿಸುವ ನಾಳಗಳೂ ನಾರುಗಳೂ ಹುಟ್ಟುತ್ತವೆ. ಗಿಡ್ಡ ಕೋಶಗಳಿಂದ, ತೊಗಟೆಗೂ ದಾರುವಿಗೂ ಅಡ್ಡ ಸಂಪರ್ಕವನ್ನು ಕಲ್ಪಿಸುವ ಕಿರಣಗಳು ಹುಟ್ಟುತ್ತವೆ.

ಪ್ರತಿಯೊಂದು ಕೋಶವೂ ಕಾಂಡದ ಮೇಲ್ಮೈಗೆ ಸಮಾನಾಂತರವಾಗಿ ಇಬ್ಭಾಗವಾಗುತ್ತದೆ. ಹುಟ್ಟಿದ ಎರಡರಲ್ಲಿ ಒಂದು ಕ್ಯಾಂಬಿಯಮ್ಮಾಗಿಯೇ ಉಳಿಯುತ್ತದೆ. ಇನ್ನೊಂದು ಒಳಕ್ಕೆ ಬಿದ್ದರೆ ಕ್ಸೈಲಮ್ಮಾಗಿಯೂ ಹೊರಕ್ಕೆ ಬಿದ್ದರೆ ಫ್ಲೋಯಮ್ಮಾಗಿಯೂ ಪರಿಣಮಿಸುತ್ತದೆ. ಒಳಕ್ಕೆ ಬೀಳುವವು ಹೊರಕ್ಕೆ ಬೀಳುವವುಗಳಿಗಿಂತ ಬಹಳ ಹೆಚ್ಚು. ನೆಲವನ್ನು ಸಾರಿಸುವ ಗೃಹಿಣಿಯು ಸಾರಿಸಿದಷ್ಟನ್ನು ಮುಂದೆ ಬಿಟ್ಟು ತಾನು ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುವಂತೆ, ಈ ಪೊರೆಯು ತಾನು ನಿರ್ಮಿಸಿದ ದಾರುವನ್ನು ಒಳಗೆ ಬಿಟ್ಟು ಹೊರಹೊರಕ್ಕೆ ಸರಿಯುತ್ತ ಹೋಗುತ್ತದೆ. ಆದರೆ ಸರಿದಂತೆಲ್ಲ ಅದರ ಸುತ್ತಳತೆ ಹೆಚ್ಚಬೇಕಷ್ಟೆ. ಆದುದರಿಂದ ಆಗಾಗ್ಗೆ ಅದರ ಕೋಶಗಳು ಅರೀಯವಾಗಿಯೂ ವಿಭಜಿಸಿ, ಪಕ್ಕಕ್ಕೊಂದು ಕೋಶವನ್ನು ಸೇರಿಸಿಕೊಂಡು, ಹರಿಯದೆ ಹಿಗ್ಗುತ್ತವೆ. ಸೂಕ್ಷ್ಮದರ್ಶಕವು ಇಷ್ಟನ್ನು ತೋರಿಸುವ ಮುನ್ನವೇ ಫ್ರಾನ್ಸಿನ ದ್ಯುಹಮೆಲ್ ದ್ಯು ಮೊನ್ಸೊ ಎಂಬಾತನು ತೊಗಟೆಯಡಿಯಲ್ಲಿ ಲೋಹದ ತೆಳು ತುಂಡುಗಳನ್ನು ಸೇರಿಸಿಟ್ಟು, ಅವು ಕಾಲಕ್ರಮದಲ್ಲಿ ದಾರುವಿನೊಳಗೆ ಹೂತುಹೋಗುವುದನ್ನು ತೋರಿಸಿದ್ದನು. 1758ರಲ್ಲಿ ಪ್ರಕಟವಾದ ಆತನ ವೃಕ್ಷಗಳ ಗ್ರಂಥವನ್ನು ಅರಣ್ಯಶಾಸ್ತ್ರದವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ನಮ್ಮ ಹಲಸಿನ ಮೊಳೆಯ ಗತಿಯೂ ಅದೇ.

ಒಳಕ್ಕೆ ಬಿದ್ದ ಕೋಶದ ಆಯುಷ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಮೊದಲು ಹಿಗ್ಗುತ್ತದೆ. ಬಳಿಕ ಅದರ ಗೋಡೆಗೆ ಒಳಗಿನಿಂದ ಸೆಲ್ಯುಲೋಸಿನ ಪದರದ ಮೇಲೆ ಪದರ ಬಂದು, ಲಿಗ್ನಿನ್ ಎಂಬ ಗಡಸು ವಸ್ತುವು ಅದರಲ್ಲಿ ವ್ಯಾಪಿಸುತ್ತದೆ. ಅನಂತರ, ಗೋಡೆಯ ಕೆಲಸ ಮುಗಿದ ಕೂಡಲೆ, ಕೋಶವು ತನ್ನ ಜೀವದ್ರವ್ಯವನ್ನು ತಾನೇ ಕರಗಿಸಿಕೊಂಡು ಸಾಯುತ್ತದೆ. ಮೇಲೊಂದು ಕೆಳಗೊಂದರಂತೆ ಸೇರಿದ ಕೋಶಗಳ ತುದಿಗೋಡೆಗಳೂ ಕರಗಿಹೋಗಿ, ಉಳಿದ ಟೊಳ್ಳು ಕೊಳವೆಯೇ ನೀರಿನ ನಾಳ. ಸತ್ತ ಮೇಲೆಯೇ ಅದಕ್ಕೆ ಕಾರ್ಯಾರಂಭ. ಫ್ಲೋಯಮ್ಮಿನ ಜರಡಿನಾಳದ ಕಥೆ ಇನ್ನೂ ವಿಚಿತ್ರವಾದುದು: 1837ರಲ್ಲಿ ಜರ್ಮನಿಯ ಥಿಯೋಡೋರ್ ಹಾರ್ಟಿಗ್ ಮೊದಲು ಕಂಡ ಈ ಕೋಶಗಳು ನ್ಯೂಕ್ಲಿಯಸ್ಸನ್ನು ಕಳೆದುಕೊಂಡೂ ಸಾಯುವುದಿಲ್ಲ, ಪಕ್ಕದ ಸಂಗಾತಿ ಕೋಶದ ಆಸರೆಯಿಂದ ಜೀವಿಸಿ, ರಂಧ್ರಮಯವಾದ ತುದಿಗೋಡೆಗಳ ಮೂಲಕ ಸಕ್ಕರೆಯ ಪಾಕವನ್ನು ದಾಟಿಸುತ್ತವೆ. ಬಹುಪಾಲು ಮರಗಳಲ್ಲಿ ಇವುಗಳ ಸೇವಾವಧಿ ಒಂದೆರಡು ಋತುಗಳಷ್ಟು ಮಾತ್ರ.

ನೀರಿನ ನಾಳಗಳಿಗೆ ಬರುವ ಆಪತ್ತು ಬೇರೆಯದು. ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ ಎಂಬಿಬ್ಬರು 1894ರಲ್ಲಿ ಸೂಚಿಸಿದಂತೆ, ಎಲೆಗಳಿಂದ ಆವಿಯಾಗುವ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ಅಣುಗಳ ಪರಸ್ಪರ ಸಂಸಕ್ತಿಯಿಂದ ಇಡಿಯ ಜಲಸ್ತಂಭವು ಬಿಗಿದ ತಂತಿಯಂತೆ ಎಳೆತದಲ್ಲಿ ಏರುತ್ತದೆ. ನಾಳವು ಅಗಲವಾದಷ್ಟೂ ನೀರು ಸುಲಭವಾಗಿ ಹರಿಯುತ್ತದೆ, ಅದೂ ಎಷ್ಟರಮಟ್ಟಿಗೆಂದರೆ ವ್ಯಾಸವು 2 ಪಟ್ಟಾದರೆ ಹರಿವು 16 ಪಟ್ಟಾಗುತ್ತದೆ. ಆದರೆ ಬೇಸಿಗೆಯಲ್ಲಿ ನೆಲ ಒಣಗಿ ಎಳೆತ ಮಿತಿಮೀರಿದಾಗ ಸ್ತಂಭವು ತುಂಡಾಗಿ ನಾಳದಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಅಗಲ ನಾಳಗಳಲ್ಲಿ ಈ ಅಪಾಯ ಸಾಮಾನ್ಯವಾಗಿ ಅಧಿಕ. 1966ರಲ್ಲಿ ಮಿಲ್ಬರ್ನ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಬಾಡುತ್ತಿದ್ದ ಹರಳುಗಿಡದ ಎಲೆಗೆ ಧ್ವನಿಗ್ರಾಹಕವನ್ನು ತಗುಲಿಸಿ, ನಾಳಗಳು ಒಂದೊಂದಾಗಿ ಕೆಡುವಾಗ ಹೊರಡುವ ಚಿಟಿಚಿಟಿ ಸದ್ದನ್ನು ಕೇಳಿದರು. ನಮ್ಮ ಹಿತ್ತಲುಗಳಲ್ಲಿ ಯಾರೂ ನೆಡದೆ ಬೆಳೆಯುವ ಗಿಡವೊಂದರಿಂದ ಇಂಥ ರಹಸ್ಯ ಹೊರಬಿದ್ದುದು ನನಗೆ ಬಲು ಮೆಚ್ಚಿಕೆಯಾದ ಸಂಗತಿ. ಹೀಗೆ ಕೆಟ್ಟ ನಾಳವು ಮತ್ತೆ ತುಂಬುವುದು ದೊಡ್ಡ ಮರಗಳಲ್ಲಿ ಸುಲಭವಲ್ಲ. ಆದ್ದರಿಂದಲೇ ಮುಂಗಾರಿನ ಮುನ್ನ ಚಿಗುರೊಡೆಯುವ ತೇಗವು, ಎಲೆ ಬರುವ ಹೊತ್ತಿಗೆ ಸರಿಯಾಗಿ, ಬರಿಗಣ್ಣಿಗೂ ಕಾಣುವಷ್ಟು ಅಗಲವಾದ ಹೊಸ ನಾಳಗಳ ಒಂದು ಸಾಲನ್ನು ಕಟ್ಟುತ್ತದೆ. ಋತು ಮುಂದುವರಿದಂತೆ ಕಿರಿದಾದ ನಾಳಗಳನ್ನೂ ದಟ್ಟ ನಾರುಗಳನ್ನೂ ಕಟ್ಟುತ್ತದೆ. ಎಲೆಯುದುರಿದ ಮೇಲೆ ಸುಮ್ಮನಾಗುತ್ತದೆ. ಮರುವರ್ಷದ ಅಗಲ ನಾಳಗಳು ಹಿಂದಿನ ವರ್ಷದ ದಟ್ಟ ಅಂಚಿಗೆ ತಾಗಿ ನಿಲ್ಲುವುದರಿಂದ ಬಳೆಯ ಗುರುತು ಮೂಡುತ್ತದೆ. ಭಾರತದ ಹಿಂದಿನ ಮಳೆಗಾಲಗಳ ಏರುಪೇರನ್ನು ತೇಗದ ಬಳೆಗಳಿಂದ ಲೆಕ್ಕಹಾಕುವ ಪ್ರಯತ್ನಗಳು ನಡೆದಿರುವುದು ಈ ಕಾರಣದಿಂದಲೇ. ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡಿನ ಎಷ್ಟೋ ಮರಗಳಲ್ಲಿ ಇಂಥ ಸ್ಪಷ್ಟ ಬಳೆಗಳಿಲ್ಲ. ಅಲ್ಲಿ ಬಳೆಯೆಣಿಸಿ ಪ್ರಾಯ ಹೇಳಹೊರಟವನು ಮೋಸಹೋಗುತ್ತಾನೆ.

ನಿವೃತ್ತವಾದ ನಾಳಗಳನ್ನು ಮರವು ಹಾಗೆಯೇ ತೆರೆದಿಡುವುದಿಲ್ಲ. ಪಕ್ಕದ ಜೀವಕೋಶಗಳು ನಾಳದೊಳಕ್ಕೆ ಬಲೂನಿನಂತೆ ಉಬ್ಬಿ ಅದನ್ನು ಮುಚ್ಚುವುದುಂಟು. ತಾವು ಸಾಯುವ ಮುನ್ನ ರಾಳ, ಟ್ಯಾನಿನ್, ತೈಲಗಳನ್ನು ಸುತ್ತಲೂ ತುಂಬುವುದುಂಟು. ಹೊನ್ನೆಯ ಬಣ್ಣವೂ ಬೀಟೆಯ ಕಪ್ಪೂ ತೇಗಕ್ಕೆ ಗೆದ್ದಲು ಹತ್ತದ ಗುಣವೂ ಹೀಗೆ ಬಂದವು. ಶ್ರೀಗಂಧವು ಇದಕ್ಕೆ ಪರಮೋದಾಹರಣೆ: ಅದರ ಹೊರಗಿನ ಬಿಳಿಯ ದಾರುವಿಗೆ ಪರಿಮಳವೇ ಇಲ್ಲ, ನೀರು ಸಾಗಿಸುವ ಹೊಣೆ ತೀರಿ ಚೇಗಾದ ಭಾಗಕ್ಕೆ ಮಾತ್ರ ತೈಲ. 1916ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರ್ಕಾರಿ ಗಂಧದೆಣ್ಣೆಯ ಕಾರ್ಖಾನೆಯ ಕಚ್ಚಾಸಾಮಗ್ರಿಯೆಲ್ಲವೂ ಇಂಥ ಚೇಗೇ. ಅದೇ ಗಂಧದ ಮರಕ್ಕೆ ಶತ್ರುವಾದ ಸ್ಪೈಕ್ ರೋಗವು, 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದುದು, ಚೇಗಿಗೆ ಕೈಹಚ್ಚದೆ ತೊಗಟೆಯ ಜರಡಿನಾಳಗಳಲ್ಲಿ ನೆಲಸುತ್ತದೆ. ಎಲೆಗಳು ಕಿರಿದಾಗಿ ಸೆಟೆದು ನಿಲ್ಲುತ್ತವೆ, ಅವುಗಳಲ್ಲಿ ಪಿಷ್ಟ ಹೊರಹೋಗದೆ ತುಂಬಿಕೊಳ್ಳುತ್ತದೆ, ಬೇರು ಸೊರಗುತ್ತದೆ. ಬಹುಕಾಲ ಇದನ್ನು ವೈರಸ್ಸಿನ ಕೆಲಸವೆಂದು ನಂಬಿದ್ದರು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಜರಡಿನಾಳಗಳಲ್ಲಿ ಕೋಶಗೋಡೆಯಿಲ್ಲದ ಅತಿಸೂಕ್ಷ್ಮ ಜೀವಿಗಳನ್ನು ತೋರಿಸಿತು. ಫ್ಲೋಯಮ್ಮಿನ ರಚನೆಯನ್ನು ಕುರಿತು ನಮಗಿರುವ ಜ್ಞಾನದಲ್ಲಿ ಬಹುಭಾಗವು ರೋಗಗಳ ಋಣವೆಂದರೆ ತಪ್ಪಾಗದು. ಅಂದಿನ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದ ಕ್ಯಾಥರಿನ್ ಈಸಾ ಅವರು ಈ ಅಂಗಾಂಶದ ಮಹಾಪಂಡಿತೆಯಾದುದು ಸಕ್ಕರೆ ಬೀಟ್ ಬೆಳೆಯ ರೋಗವೊಂದರ ಬೆನ್ನುಹತ್ತಿ.

ತೊಗಟೆಯ ಹೊರಪದರವನ್ನು ಕುರಿತು ಹೆಚ್ಚು ಹೇಳಲು ಅವಕಾಶವಿಲ್ಲ. ಒಳಗಿನ ಒತ್ತಡಕ್ಕೆ ಹಳೆಯ ಚರ್ಮವು ಬಿರಿಯುವುದಾದುದರಿಂದ, ಅಲ್ಲಿ ಇನ್ನೊಂದು ವಿಭಜನಶೀಲ ಪೊರೆ ಹುಟ್ಟಿ ಬೆಂಡಿನಂಥ ರಕ್ಷಾಪದರವನ್ನು ನಿರ್ಮಿಸುತ್ತದೆ. 1665ರಲ್ಲಿ ರಾಬರ್ಟ್ ಹುಕ್ ತನ್ನ ಮಸೂರದಡಿಯಲ್ಲಿ ಕಂಡ ಬರಿದಾದ ಕೋಶಗಳು ಇಂಥ ಬೆಂಡಿನವೇ. ಜೀವಶಾಸ್ತ್ರವು ತನ್ನ ಮೂಲಘಟಕವನ್ನು ಮೊದಲು ಕಂಡುದು ಸತ್ತ ತೊಗಟೆಯಲ್ಲಿ.

ನನ್ನ ಪಕ್ಷಕ್ಕೆ ಬಲವಾದ ಪ್ರತಿವಾದಿಗಳು ನಮ್ಮ ತೋಟಗಳಲ್ಲಿಯೇ ನಿಂತಿದ್ದಾರೆ. ಅಡಿಕೆಗೂ ತೆಂಗಿಗೂ ಬಿದಿರಿಗೂ ಕ್ಯಾಂಬಿಯಂ ಇಲ್ಲ. ಅಡಿಕೆಯ ಸಸಿಯು ಮೊದಲು ನೆಲದ ಮಟ್ಟದಲ್ಲಿಯೇ ತನ್ನ ಕಾಂಡದ ಅಗಲವನ್ನು ಸಾಧಿಸಿಕೊಂಡು ಆಮೇಲೆ ಮೇಲೇಳುತ್ತದೆ. ಒಂದು ಮಟ್ಟದಲ್ಲಿ ಕಾಂಡವು ಎಷ್ಟು ದಪ್ಪವಾಗಿ ಹುಟ್ಟಿತೋ ಬಹುಮಟ್ಟಿಗೆ ಅಷ್ಟೇ ಕೊನೆಯವರೆಗೂ. ನೀರುಗೊಬ್ಬರ ಕಾಣದ ವರ್ಷಗಳಲ್ಲಿ ಕಾಂಡದ ಸುತ್ತಳತೆ ಕುಗ್ಗಿದರೆ, ಆ ಸಣಕಲು ಭಾಗವು ಮುಂದೆ ಎಷ್ಟು ಆರೈಕೆ ಮಾಡಿದರೂ ತುಂಬಿಕೊಳ್ಳದು. ತೆಂಗಿಗೆ ಹತ್ತುವುದಕ್ಕಾಗಿ ಕಡಿದ ಮೆಟ್ಟಿಲುಗಳು ಮರವಿರುವಷ್ಟು ಕಾಲವೂ ಮೆಟ್ಟಿಲುಗಳೇ. ಮಲೆನಾಡಿನ ಅಡಿಕೆ ಬೆಳೆಗಾರನು ತೋಟದ ಅಂಚಿನ ಮರಗಳಿಗೆ ನೈಋತ್ಯದ ಬಿಸಿಲು ಬಡಿಯದಂತೆ ಸೋಗೆ ಕಟ್ಟುವುದೂ ಸುಣ್ಣ ಬಳಿಯುವುದೂ, ಸುಟ್ಟ ಕಾಂಡವು ಮತ್ತೆ ಮಾಯುವುದಿಲ್ಲ, ಸೀಳಿ ಗಾಳಿಗೆ ಮುರಿದು ಬೀಳುತ್ತದೆಂಬ ಅನುಭವದಿಂದ. ಹಾಗಾದರೆ ಈ ಮರಗಳ ನಾಳಗಳು ಕೆಟ್ಟಾಗ ಗತಿಯೇನು? ಇಲ್ಲಿಯೇ ತಾಳವರ್ಗದ ಅದ್ಭುತವಿರುವುದು. ಬೇರೆ ಮರಗಳಲ್ಲಿ ಒಂದೆರಡು ಋತು ಬಾಳುವ ಜರಡಿನಾಳವು ಇವುಗಳಲ್ಲಿ ದಶಕಗಳ ಕಾಲ, ಮರದ ಬುಡದಲ್ಲಿಯಂತೂ ಮರದಷ್ಟೇ ಕಾಲ, ನ್ಯೂಕ್ಲಿಯಸ್ಸಿಲ್ಲದೆಯೇ ಕೆಲಸಮಾಡುತ್ತಿರುತ್ತದೆ. ಅಜ್ಜ ನೆಟ್ಟ ತೆಂಗಿನ ಬುಡದಲ್ಲಿ ಸಕ್ಕರೆಯನ್ನು ಬೇರಿಗಿಳಿಸುತ್ತಿರುವ ಕೋಶಗಳು ಅಜ್ಜನ ಕಾಲದಲ್ಲಿ ಹುಟ್ಟಿದವೇ. ನವೀಕರಿಸಲಾರದ ಮರವು ಕೆಡದ ನಾಳಗಳನ್ನು ಪಡೆದಿದೆ. ಕೆಡುವ ನಾಳಗಳುಳ್ಳ ಮರವು ನವೀಕರಣವನ್ನು ಪಡೆದು, ಅದರ ಫಲವಾಗಿ ದಪ್ಪವಾಗಿದೆ. ಆದಕಾರಣ ಪ್ರತಿವಾದಿಗಳೆಂದು ಕರೆದವರು ಕಡೆಗೆ ನನ್ನ ಸಾಕ್ಷಿಗಳೇ ಆಗುತ್ತಾರೆಂದು ನನ್ನ ಭಾವನೆ.

ಕ್ಯಾಂಬಿಯಮ್ಮುಳ್ಳ ಮರಗಳಿಗೆ ಮರಳಿದರೆ ಒಂದು ಪ್ರಶ್ನೆ ಉಳಿಯುತ್ತದೆ: ಒಂದೇ ಕ್ಯಾಂಬಿಯಮ್ಮಿನ ಮಕ್ಕಳಲ್ಲಿ ಒಳಗಿನವು ಕ್ಸೈಲಮ್ಮೇ ಆಗಬೇಕೆಂದು ಹೇಳುವವರಾರು? ಕುಡಿಯಲ್ಲಿಯೂ ಎಳೆಯೆಲೆಯಲ್ಲಿಯೂ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ರಸವು ಕ್ಯಾಂಬಿಯಮ್ಮನ್ನು ಎಚ್ಚರಿಸುತ್ತದೆಂಬುದು 1930ರ ದಶಕದಿಂದ ತಿಳಿದಿದೆ. 2006ರಲ್ಲಿ ಜಪಾನಿನ ಹಿರೂ ಫುಕುದ ಅವರ ತಂಡವು, ಜೀನಿಯಾ ಹೂಗಿಡದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಕೇವಲ 12 ಅಮೈನೋ ಆಮ್ಲಗಳುಳ್ಳ ಒಂದು ಕಿರುಪೆಪ್ಟೈಡನ್ನು ಗುರುತಿಸಿತು. ಅದು ಫ್ಲೋಯಮ್ಮಿನ ಕಡೆಯಿಂದ ಸ್ರವಿಸಿ ಕ್ಯಾಂಬಿಯಮ್ಮನ್ನು ತಲುಪಿ, ಅಲ್ಲಿಯ ಕೋಶಗಳು ಅವಸರದಿಂದ ಕ್ಸೈಲಮ್ಮಾಗಿಬಿಡದಂತೆ ತಡೆದು, ವಿಭಜನೆಯನ್ನು ಮುಂದುವರಿಸುವಂತೆ ಮಾಡುತ್ತದೆ. ಎಂದರೆ ಆಹಾರದ ದಾರಿಯೇ ನೀರಿನ ದಾರಿಯ ನಿರ್ಮಾಣವನ್ನು ಹಿಡಿತದಲ್ಲಿಟ್ಟುಕೊಂಡಿದೆ.

ಕಡೆಯದಾಗಿ ಕಸಿಯ ಮಾತು. ಮಾವಿನ ಕಸಿಯಲ್ಲಿ ಬೇರುಸಸಿಯ ಕ್ಯಾಂಬಿಯಮ್ಮೂ ಕುಡಿಯ ಕ್ಯಾಂಬಿಯಮ್ಮೂ ಒಂದಕ್ಕೊಂದು ತಾಗಿ ನಿಂತರೆ, ಗಾಯದ ಹಸಿ ಕೋಶಗಳ ಮೂಲಕ ಅವು ಕೂಡಿಕೊಂಡು ಎರಡು ಗಿಡಗಳಿಗೂ ಸಾಮಾನ್ಯವಾದ ನಾಳಗಳನ್ನು ಕಟ್ಟುತ್ತವೆ. ಕಸಿಗಾರನು ಕಡ್ಡಿಗಳ ತೊಗಟೆಯಂಚುಗಳನ್ನು ಒಂದು ಪಕ್ಕಕ್ಕಾದರೂ ಸರಿಯಾಗಿ ಹೊಂದಿಸುವುದು ಇದಕ್ಕಾಗಿಯೇ. ಕ್ಯಾಂಬಿಯಮ್ಮಿಲ್ಲದ ಏಕದಳಗಳಿಗೆ ಕಸಿ ಅಸಾಧ್ಯವೆಂದು ನಾವೆಲ್ಲ ಪಾಠ ಹೇಳುತ್ತ ಬಂದೆವು. 2022ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಮೊಳಕೆಯೊಡೆಯುವ ಮುನ್ನಿನ ಭ್ರೂಣದ ಎಳೆಯ ಅಂಗಾಂಶವನ್ನು ತೆಗೆದು ಜೋಡಿಸಿ, ಗೋಧಿಯನ್ನು ಓಟ್ಸಿನ ಬೇರಿಗೆ ಕೂಡಿಸಿದುದಲ್ಲದೆ, ಖರ್ಜೂರವೇ ಮೊದಲಾದ ತಾಳಗಳಲ್ಲಿಯೂ ಬಾಳೆಯಲ್ಲಿಯೂ ಈ ವಿಧಾನವು ಫಲಿಸುವುದನ್ನು ತೋರಿಸಿದರು. ಬಾಳೆಗೆ ಇದರಿಂದ ವಿಶೇಷ ಪ್ರಯೋಜನವಾದೀತು. ಪನಾಮಾ ಸೊರಗು ರೋಗದ ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು ನೀರಿನ ನಾಳಗಳನ್ನೇ ಅಡಚುತ್ತದೆ. ಅಡಚಿದವುಗಳಿಗೆ ಬದಲು ಹೊಸವನ್ನು ಕಟ್ಟುವ ಪೊರೆ ಬಾಳೆಗೆ ಇಲ್ಲ. ಒಮ್ಮೆ ರೋಗ ಹೊಕ್ಕ ಮಣ್ಣನ್ನು ಔಷಧದಿಂದ ಶುದ್ಧಿಮಾಡುವುದೂ ಆಗದ ಮಾತು. ಆದುದರಿಂದ ರೋಗಕ್ಕೆ ಮಣಿಯದ ತಳಿಯೊಂದರ ಬೇರಿನ ಮೇಲೆ, ಮಾರುಕಟ್ಟೆಗೆ ಬೇಕಾದ ತಳಿಯನ್ನು ಭ್ರೂಣಾವಸ್ಥೆಯಲ್ಲಿಯೇ ಕೂಡಿಸುವ ಪ್ರಯತ್ನಕ್ಕೆ ಈಗ ದಾರಿ ತೆರೆದಿದೆ. ಬೆಳೆಸುವ ಬಾಳೆಯಲ್ಲಿ ಬೀಜವೇ ಇಲ್ಲದಿರುವುದರಿಂದ ಭ್ರೂಣದ ಸ್ಥಾನದಲ್ಲಿ ಯಾವ ಅಂಗಾಂಶವನ್ನು ಹಿಡಿಯಬೇಕೆಂಬುದು ಅದರಲ್ಲಿ ಮೊದಲು ಬಗೆಹರಿಯಬೇಕಾದ ತೊಡಕು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಅಂಗಾಂಶ ಕೃಷಿಯನ್ನು ಕಲಿಯುತ್ತಿರುವವರು ಆ ತೊಡಕನ್ನು ಕೈಗೆತ್ತಿಕೊಳ್ಳಲೆಂದು ಕೇಳಿಕೊಳ್ಳುತ್ತೇನೆ.